ಕಂಪೆನಿಗಳ ನೋಂದಣಿಪಟ್ಟಿಯೂ ಪ್ರಶ್ನಭಾಷೆಯೂ

ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ, ಒಂದು ಓಲೆಯ ಪ್ರತಿಯನ್ನು ಓದುವುದಕ್ಕೂ ಆ ಪ್ರತಿಯು ಹೇಳಿದುದನ್ನು ನಂಬುವುದಕ್ಕೂ ನಡುವೆ ಇರುವ ಅಂತರವನ್ನು ವಿವರಿಸಬೇಕಾದುದಿಲ್ಲ. ಲಿಪಿಕಾರನಾರು, ಯಾವ ಮಾತೃಕೆಯನ್ನು ನೋಡಿ ಬರೆದನು, ಎಲ್ಲಿ ಗರಿಗಳು ಲುಪ್ತವಾಗಿವೆ ಎಂಬುದನ್ನು ನಿಶ್ಚಯಿಸಿಕೊಂಡ ಮೇಲೆಯೇ ಪಾಠಕ್ಕೆ ಬೆಲೆ ಬರುವುದು. ಈ ಎಚ್ಚರಿಕೆಯು ಈಚೆಗೆ ಸಾರ್ವಜನಿಕರಿಗೆ ತೆರೆದಿರುವ ಮತ್ತೊಂದು ಬಗೆಯ ಗ್ರಂಥದ ವಿಷಯದಲ್ಲಿ ಅಷ್ಟಾಗಿ ಕಂಡುಬರುವುದಿಲ್ಲ. ಅದು ಸರ್ಕಾರದ ಕಂಪೆನಿ ನೋಂದಣಿಪಟ್ಟಿ. ಎಸ್.ಕ್ಯೂ.ಎಲ್. ಎಂಬ ಪ್ರಶ್ನಭಾಷೆಯಲ್ಲಿ ಎರಡು ಸಾಲು ಬರೆದು, ಲಕ್ಷಾಂತರ ಕಂಪೆನಿಗಳನ್ನು ಕುರಿತ ಪ್ರಶ್ನೆಗೆ ಕ್ಷಣಮಾತ್ರದಲ್ಲಿ ಉತ್ತರವನ್ನು ಪಡೆಯುವುದು ಈಗ ವಿದ್ಯಾರ್ಥಿಗೂ ಸಾಧ್ಯವಾಗಿದೆ. ಹೀಗೆ ಪಡೆದ ಸಂಖ್ಯೆಗಳು ಉದ್ಯಮಚರಿತ್ರೆಗಳಲ್ಲಿಯೂ ಜಿಲ್ಲೆಗಳ ಏಳಿಗೆಯನ್ನು ಕುರಿತ ವಾದಗಳಲ್ಲಿಯೂ ಸಿದ್ಧಾಂತದ ಸ್ಥಾನವನ್ನು ಪಡೆಯತೊಡಗಿವೆ.

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ವಾಣಿಜ್ಯದ ಲೆಕ್ಕಪತ್ರಗಳಿಗೂ ವಿದ್ವತ್ತಿಗೂ ಸಂಬಂಧವಿಲ್ಲವೆಂದು ದೂರ ಸರಿಯುವವರದು ಒಂದು. ಯಂತ್ರವು ಪಕ್ಷಪಾತವಿಲ್ಲದೆ ಎಣಿಸುವುದರಿಂದ ಎಣಿಕೆಯೇ ಸತ್ಯವೆಂದು ನಂಬುವವರದು ಇನ್ನೊಂದು. ಎರಡೂ ತಕ್ಕುದಲ್ಲ. ನೋಂದಣಿಪಟ್ಟಿಯು ಒಂದು ಗ್ರಂಥ. ಪ್ರಶ್ನಭಾಷೆಯ ವಾಕ್ಯವು ಅದರ ಒಂದು ವ್ಯಾಖ್ಯಾನ. ಆದುದರಿಂದ ವ್ಯಾಖ್ಯಾನಗಳಿಗೆ ಅನ್ವಯಿಸುವ ವಿಮರ್ಶೆಯು ಈ ಸಂಖ್ಯೆಗಳಿಗೂ ಅನ್ವಯಿಸಬೇಕು. ಇದನ್ನು ನಿದರ್ಶನಗಳಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಗ್ರಂಥದ ಸ್ವರೂಪ

ಭರತಖಂಡದಲ್ಲಿ ಕೂಡುಬಂಡವಾಳದ ಕಂಪೆನಿಗಳ ನೋಂದಣಿಗೆ ೧೮೫೦ರ ಶಾಸನವು ಮೊದಲು ಅವಕಾಶ ಕೊಟ್ಟಿತು; ೧೮೫೭ರಲ್ಲಿ ಪಾಲುದಾರರ ಹೊಣೆಯನ್ನು ಮಿತಗೊಳಿಸುವ ನಿಯಮವು ಬಂದಿತು. ಅನಂತರದ ಶಾಸನಗಳಲ್ಲಿ ೧೯೧೩, ೧೯೫೬ ಮತ್ತು ೨೦೧೩ನೆಯ ವರ್ಷಗಳವು ಮುಖ್ಯವಾದುವು. ಕಾಗದದ ಕಡತಗಳಲ್ಲಿದ್ದ ಈ ದಾಖಲೆಯನ್ನು ಕೇಂದ್ರ ಸರ್ಕಾರದ ಕಾರ್ಪೊರೇಟ್ ವ್ಯವಹಾರಗಳ ಮಂತ್ರಾಲಯವು ೨೦೦೬ರಿಂದ ಎಂ.ಸಿ.ಎ.-೨೧ ಎಂಬ ಯೋಜನೆಯ ಮೂಲಕ ಗಣಕಯಂತ್ರಕ್ಕೆ ಏರಿಸಿತು. ಅದರಿಂದ ತೆಗೆದ ರಾಜ್ಯವಾರು ಪಟ್ಟಿಗಳು ಸರ್ಕಾರದ ಮುಕ್ತ ದತ್ತಾಂಶ ಭಂಡಾರದಲ್ಲಿ ಪ್ರಕಟವಾಗಿವೆ. ಕಂಪೆನಿಯ ಗುರುತುಸಂಖ್ಯೆ, ಹೆಸರು, ಸ್ಥಿತಿ, ವರ್ಗ, ನೋಂದಣಿಯ ದಿನಾಂಕ, ರಾಜ್ಯ, ಅಧಿಕೃತ ಬಂಡವಾಳ, ಪಾವತಿಯಾದ ಬಂಡವಾಳ, ಮುಖ್ಯ ವ್ಯವಹಾರ, ನೋಂದಿತ ಕಛೇರಿಯ ವಿಳಾಸ, ಕೊನೆಯ ವಾರ್ಷಿಕ ವಿವರಣೆಯ ವರ್ಷ ಇವೇ ಮೊದಲಾದ ಅಂಕಣಗಳು ಇವುಗಳಲ್ಲಿ ಕಂಡುಬರುತ್ತವೆ.

ಗ್ರಂಥದಲ್ಲಿ ಏನಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ೧೯೩೨ರ ಶಾಸನಕ್ಕೆ ಒಳಪಟ್ಟ ಪಾಲುಗಾರಿಕೆಯ ಸಂಸ್ಥೆಗಳು ಈ ಪಟ್ಟಿಯಲ್ಲಿಲ್ಲ. ೨೦೦೮ರ ಶಾಸನದಿಂದ ಹುಟ್ಟಿದ ಸೀಮಿತ ಹೊಣೆಯ ಪಾಲುಗಾರಿಕೆಗಳಿಗೆ ಬೇರೆ ಬಗೆಯ ಗುರುತುಸಂಖ್ಯೆಯುಂಟು. ಸಹಕಾರ ಸಂಘಗಳು ಬೇರೆ. ಒಬ್ಬನೇ ಒಡೆಯನಾಗಿ ನಡೆಸುವ ಅಂಗಡಿಯು ಬೇರೆ. ಹೀಗಿರಲು ಒಂದು ಜಿಲ್ಲೆಯ ಕಂಪೆನಿಗಳನ್ನು ಎಣಿಸಿ 'ಈ ಜಿಲ್ಲೆಯ ವ್ಯಾಪಾರವು ಇಷ್ಟು' ಎಂದು ನಿರ್ಣಯಿಸುವುದು, ಚಂಪೂಕಾವ್ಯಗಳನ್ನು ಮಾತ್ರ ಎಣಿಸಿ 'ಕನ್ನಡ ಸಾಹಿತ್ಯವು ಇಷ್ಟು' ಎಂದು ನಿರ್ಣಯಿಸಿದಂತೆ ಆಗುವುದು. ಅಧಿಕೃತ ಬಂಡವಾಳದ ಅಂಕಣವನ್ನು ಕೂಡಿಸಿ 'ರಾಜ್ಯದಲ್ಲಿ ಹೂಡಿರುವ ಹಣ'ವೆನ್ನುವುದೂ ಇದೇ ಜಾತಿಯ ದೋಷ. ಆ ಅಂಕಣವು ಕಂಪೆನಿಯು ಎಷ್ಟರ ಮಟ್ಟಿಗೆ ಷೇರುಗಳನ್ನು ಹೊರಡಿಸಬಹುದೆಂಬ ಎಲ್ಲೆಯನ್ನು ತಿಳಿಸುವುದೇ ಹೊರತು ಕೈಸೇರಿದ ಹಣವನ್ನು ತಿಳಿಸುವುದಿಲ್ಲ.

೨. ಪ್ರಶ್ನಭಾಷೆಯ ಅನ್ವಯ

ದತ್ತಾಂಶವನ್ನು ಸಂಬಂಧಗಳ ರೂಪದ ಪಟ್ಟಿಗಳನ್ನಾಗಿ ಇಡಬೇಕೆಂಬ ಸಿದ್ಧಾಂತವನ್ನು ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ ಎಂಬ ವಿದ್ವಾಂಸನು ೧೯೭೦ರಲ್ಲಿ ಪ್ರತಿಪಾದಿಸಿದನು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬವರು ೧೯೭೪ರಲ್ಲಿ ಆ ಸಿದ್ಧಾಂತಕ್ಕೆ ಅನುಗುಣವಾದ ಪ್ರಶ್ನಭಾಷೆಯನ್ನು ಪ್ರಕಟಿಸಿದರು. ಮೊದಲು 'ಸೀಕ್ವೆಲ್' ಎಂದಿದ್ದ ಹೆಸರು ಮುಂದೆ 'ಎಸ್.ಕ್ಯೂ.ಎಲ್.' ಎಂದಾಯಿತು, ೧೯೮೬ರಲ್ಲಿ ಅಮೆರಿಕದ ಮಾನಕಸಂಸ್ಥೆಯು ಅದಕ್ಕೆ ಪ್ರಮಾಣರೂಪವನ್ನು ಕೊಟ್ಟಿತು.

ಈ ಭಾಷೆಯ ವಾಕ್ಯವು 'ಸೆಲೆಕ್ಟ್' ಎಂಬ ಕ್ರಿಯಾಪದದಿಂದ ಆರಂಭವಾಗುವುದು. 'ಸೆಲೆಕ್ಟ್' ಎಂದರೆ ಆಯ್ದುಕೊಡು. 'ಫ್ರಮ್' ಎಂದರೆ ಇಂತಹ ಪಟ್ಟಿಯಿಂದ. 'ವೇರ್' ಎಂದರೆ ಇಂತಹ ನಿಬಂಧನೆಗೆ ಒಳಪಟ್ಟವನ್ನು. 'ಗ್ರೂಪ್ ಬೈ' ಎಂದರೆ ಇಂತಹ ಗುಂಪುಗಳಾಗಿ. ಬರೆಯುವ ಕ್ರಮವು ಹೀಗಿದ್ದರೂ ಅರ್ಥವಾಗುವ ಕ್ರಮವು ಬೇರೆ. ಮೊದಲು ಪಟ್ಟಿ, ಆಮೇಲೆ ನಿಬಂಧನೆ, ಆಮೇಲೆ ಗುಂಪು, ಆಮೇಲೆ ಗುಂಪುಗಳ ಮೇಲಿನ ನಿಬಂಧನೆ, ಅನಂತರ ಆಯ್ಕೆ, ಕಡೆಯಲ್ಲಿ ಜೋಡಣೆಯ ಕ್ರಮ. ಶ್ಲೋಕದಲ್ಲಿ ಪದಗಳು ಛಂದಸ್ಸಿಗೆ ತಕ್ಕಂತೆ ನಿಂತಿದ್ದರೂ ದಂಡಾನ್ವಯದಲ್ಲಿ ಅವು ಬೇರೆ ಕ್ರಮವನ್ನು ಹೊಂದುವುದಷ್ಟೆ, ಇಲ್ಲಿಯೂ ಹಾಗೆಯೇ. ಕನ್ನಡದ ಸಹಜವಾದ ವಾಕ್ಯಕ್ರಮವು ಈ ಅರ್ಥಕ್ರಮಕ್ಕೆ ಬಹಳ ಹತ್ತಿರವಾದುದೆಂಬುದು ಗಮನಾರ್ಹವಾಗಿದೆ: 'ಕಂಪೆನಿಗಳ ಪಟ್ಟಿಯಿಂದ, ಕರ್ನಾಟಕಕ್ಕೆ ಸೇರಿದುವನ್ನು, ವರ್ಷವಾರು ಗುಂಪುಮಾಡಿ, ಎಣಿಸಿಕೊಡು.' ಕನ್ನಡದಲ್ಲಿ ಕ್ರಿಯಾಪದವು ಕಡೆಗೆ ಬರುವುದರಿಂದ ಎಲ್ಲಿಂದ ಎಂಬುದು ಮೊದಲೇ ಗೊತ್ತಾಗುವುದು. ಇಂಗ್ಲಿಷಿನ ಕ್ರಮದಲ್ಲಿ ಬರೆಯುವವನು 'ಎಣಿಸು' ಎಂಬುದನ್ನು ಮೊದಲು ಹೇಳಿ, ಎಲ್ಲಿಂದ ಎಂಬುದನ್ನು ಹಗುರವಾಗಿ ತೇಲಿಸಿಬಿಡುವ ಸಂಭವವುಂಟು.

ಎರಡು ಪಟ್ಟಿಗಳನ್ನು ಜೋಡಿಸುವಾಗ ಮತ್ತೊಂದು ದೋಷವು ಹುಟ್ಟುವುದು. ಒಂದು ಪಟ್ಟಿಯಲ್ಲಿ ಕಂಪೆನಿಗಳು, ಇನ್ನೊಂದರಲ್ಲಿ ಅವುಗಳ ನಿರ್ದೇಶಕರು ಇರುವರೆಂದು ಭಾವಿಸೋಣ. ಮೂವರು ನಿರ್ದೇಶಕರುಳ್ಳ ಕಂಪೆನಿಯು ಜೋಡಿಸಿದ ಪಟ್ಟಿಯಲ್ಲಿ ಮೂರು ಸಲ ಬರುವುದು. ಆ ಸ್ಥಿತಿಯಲ್ಲಿ ಬಂಡವಾಳವನ್ನು ಕೂಡಿಸಿದರೆ ಒಂದೇ ಹಣವು ಮೂರುಪಟ್ಟಾಗುವುದು. ಎರಡನೆಯ ಪಟ್ಟಿಯಲ್ಲಿ ಹೆಸರೇ ಇಲ್ಲದ ಕಂಪೆನಿಯು ಸಾಧಾರಣ ಜೋಡಣೆಯಲ್ಲಿ ಸದ್ದಿಲ್ಲದೆ ಬಿದ್ದುಹೋಗುವುದು. ಆಲಂಕಾರಿಕರು ಪುನರುಕ್ತಿ, ನ್ಯೂನಪದ ಎಂದು ಎಣಿಸುವ ದೋಷಗಳೇ ಇವು. ವ್ಯತ್ಯಾಸವೇನೆಂದರೆ ಕಾವ್ಯದಲ್ಲಿ ಅವು ಕಿವಿಗೆ ತಾಕುವುವು. ಇಲ್ಲಿ ಒಂದು ಸಂಖ್ಯೆಯೊಳಗೆ ಅಡಗಿರುವುವು.

೩. ಯೌಗಿಕವೋ ರೂಢವೋ

ಭಾರತದ ಕಂಪೆನಿಗೆ ಕೊಡುವ ಗುರುತುಸಂಖ್ಯೆಯಲ್ಲಿ ೨೧ ಅಕ್ಷರಗಳಿವೆ. ಮೊದಲನೆಯದು ಷೇರುಪೇಟೆಯ ಪಟ್ಟಿಗೆ ಸೇರಿದುದೋ ಅಲ್ಲವೋ ಎಂಬುದನ್ನು 'ಎಲ್' ಅಥವಾ 'ಯು' ಎಂಬ ಅಕ್ಷರದಿಂದ ತಿಳಿಸುವುದು. ಮುಂದಿನ ಐದು ಅಂಕೆಗಳು ಉದ್ಯಮದ ವರ್ಗವನ್ನು, ಎರಡು ಅಕ್ಷರಗಳು ರಾಜ್ಯವನ್ನು, ನಾಲ್ಕು ಅಂಕೆಗಳು ಸ್ಥಾಪನೆಯ ವರ್ಷವನ್ನು, ಮೂರು ಅಕ್ಷರಗಳು ಕಂಪೆನಿಯ ಬಗೆಯನ್ನು, ಕಡೆಯ ಆರು ಅಂಕೆಗಳು ನೋಂದಣಿಯ ಸಂಖ್ಯೆಯನ್ನು ಸೂಚಿಸುವುವು. ಶಬ್ದಶಾಸ್ತ್ರದ ಪರಿಭಾಷೆಯಲ್ಲಿ ಇದು ಯೌಗಿಕ ನಾಮ. ಅವಯವಗಳ ಅರ್ಥದಿಂದ ಸಮುದಾಯದ ಅರ್ಥವು ದೊರೆಯುವಂತೆ ತೋರುವುದು. ಅದಕ್ಕಾಗಿಯೇ ಪ್ರಶ್ನೆಗಾರನು ಸಂಖ್ಯೆಯ ಏಳನೆಯ ಮತ್ತು ಎಂಟನೆಯ ಅಕ್ಷರಗಳು 'ಕೆಎ' ಆಗಿರುವ, ಮುಂದಿನ ನಾಲ್ಕು ಅಂಕೆಗಳು ೧೯೪೫ ಆಗಿರುವ ಕಂಪೆನಿಗಳನ್ನು ಆಯ್ದು, '೧೯೪೫ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಕಂಪೆನಿಗಳು' ಎಂಬ ಶಿರೋನಾಮವನ್ನು ಕೊಡಲು ಹಿಂಜರಿಯುವುದಿಲ್ಲ.

ಆ ಶಿರೋನಾಮವು ನಿಲ್ಲತಕ್ಕುದಲ್ಲ. ವಿಪ್ರೋ ಸಂಸ್ಥೆಯ ಗುರುತುಸಂಖ್ಯೆಯಲ್ಲಿ 'ಕೆಎ೧೯೪೫' ಎಂಬ ಭಾಗವುಂಟು. ಆದರೆ ಆ ಸಂಸ್ಥೆಯು ೧೯೪೫ರಲ್ಲಿ ಹುಟ್ಟಿದುದು ಈಗಿನ ಮಹಾರಾಷ್ಟ್ರದ ಅಮಳನೇರದಲ್ಲಿ, ಅಡಿಗೆಯ ಎಣ್ಣೆಯ ಉದ್ಯಮವಾಗಿ. ೧೯೪೫ರಲ್ಲಿ ಕರ್ನಾಟಕವೆಂಬ ಹೆಸರಿನ ರಾಜ್ಯವೇ ಇರಲಿಲ್ಲ. ಏಕೀಕರಣವಾದುದು ೧೯೫೬ರಲ್ಲಿ, ಹೆಸರು ಬಂದುದು ೧೯೭೩ರ ನವೆಂಬರ್ ಒಂದರಂದು. ಇನ್‌ಫೋಸಿಸ್ ಸಂಸ್ಥೆಯ ಸಂಖ್ಯೆಯಲ್ಲಿಯೂ 'ಕೆಎ೧೯೮೧' ಎಂದಿದೆ. ಅದು ೧೯೮೧ರಲ್ಲಿ ಆರಂಭವಾದುದು ಪುಣೆಯಲ್ಲಿ. ರಾಜ್ಯದ ಅವಯವವು ನೋಂದಿತ ಕಛೇರಿಯ ಈಗಿನ ರಾಜ್ಯವನ್ನು ಹೇಳುವುದು, ವರ್ಷದ ಅವಯವವು ಹುಟ್ಟನ್ನು ಹೇಳುವುದು. ಎರಡು ಕಾಲಗಳ ಮಾತು ಒಂದೇ ಸಮಾಸದಲ್ಲಿ ಸೇರಿರುವಾಗ ಅವನ್ನು ಒಂದೇ ಕಾಲಕ್ಕೆ ಅನ್ವಯಿಸುವುದು ಓದುಗನ ತಪ್ಪು.

ಉದ್ಯಮವರ್ಗದ ಅವಯವವು ಇನ್ನೂ ವಿಚಿತ್ರವಾಗಿದೆ. ಇನ್‌ಫೋಸಿಸ್ ಸಂಸ್ಥೆಯ ಸಂಖ್ಯೆಯಲ್ಲಿ ಆ ಸ್ಥಾನದಲ್ಲಿ ೮೫೧೧೦ ಎಂಬ ಅಂಕೆಗಳಿವೆ. ರಾಷ್ಟ್ರೀಯ ಉದ್ಯಮ ವರ್ಗೀಕರಣದ ೨೦೦೪ರ ಪಾಠದಲ್ಲಿ ೮೫ ಎಂಬುದು ಆರೋಗ್ಯ ಮತ್ತು ಸಮಾಜಸೇವೆಯ ವಿಭಾಗ, ಗಣಕಕಾರ್ಯಕ್ಕೆ ೭೨. ೨೦೦೮ರ ಪಾಠದಲ್ಲಿ ೮೫ ಎಂಬುದು ಶಿಕ್ಷಣದ ವಿಭಾಗ, ಗಣಕಯಂತ್ರಗಳ ಕ್ರಮವಿಧಿರಚನೆಗೆ ೬೨. ಯಾವ ಪಾಠವನ್ನು ಹಿಡಿದರೂ ಲೋಕಪ್ರಸಿದ್ಧವಾದ ಒಂದು ಗಣಕಸಂಸ್ಥೆಯು ತನ್ನ ಉದ್ಯಮದ ಗುಂಪಿನಲ್ಲಿ ಸಿಕ್ಕುವುದಿಲ್ಲ. ಗುರುತುಸಂಖ್ಯೆಯ ಐದು ಅಂಕೆಗಳಿಂದ ಕರ್ನಾಟಕದ ಗಣಕೋದ್ಯಮವನ್ನು ಅಳೆಯಹೊರಟವನ ಲೆಕ್ಕದಿಂದ ಆ ಉದ್ಯಮದ ಅಗ್ರಗಣ್ಯ ಸಂಸ್ಥೆಯೇ ಹೊರಗುಳಿಯುವುದು!

'ಕುಶಲ' ಎಂಬ ಶಬ್ದವನ್ನು ಇಲ್ಲಿ ನೆನೆಯುವುದು ಉಚಿತ. ಅವಯವಾರ್ಥದಂತೆ ಅದು ದರ್ಭೆಯನ್ನು ಕಿತ್ತು ತರುವವನು, ಬಳಕೆಯಲ್ಲಿ ನಿಪುಣನು. ವೀಣೆಯಲ್ಲಿ ಕುಶಲನೆಂದಾಗ ಯಾರೂ ದರ್ಭೆಯನ್ನು ಹುಡುಕುವುದಿಲ್ಲ. ಕಂಪೆನಿಯ ಗುರುತುಸಂಖ್ಯೆಯನ್ನೂ ಹೀಗೆಯೇ ರೂಢವೆಂದು ಎಣಿಸಿ, ಅದರಿಂದ ಕಂಪೆನಿಯನ್ನು ಗುರುತಿಸುವುದಕ್ಕಿಂತ ಹೆಚ್ಚನ್ನು ಕೇಳದಿರುವುದು ಕ್ಷೇಮ. ಗುರುತಿಸುವುದರಲ್ಲಿಯೂ ಎಚ್ಚರಿಕೆ ಬೇಕು. ಷೇರುಪೇಟೆಯ ಪಟ್ಟಿಗೆ ಸೇರಿದಾಗ 'ಯು' ಹೋಗಿ 'ಎಲ್' ಬರುವುದು. ಕಛೇರಿಯು ರಾಜ್ಯವನ್ನು ಬದಲಾಯಿಸಿದರೆ ರಾಜ್ಯದ ಅಕ್ಷರಗಳೂ ಬದಲಾಗುವುವು. ಹತ್ತು ವರ್ಷಗಳ ಹಿಂದಿನ ಪಟ್ಟಿಯನ್ನು ಈಗಿನದರೊಂದಿಗೆ ಈ ಸಂಖ್ಯೆಯಿಂದಲೇ ಜೋಡಿಸಿದರೆ ಹೆಸರು ಬದಲಾದ ಮನುಷ್ಯನು ಒಮ್ಮೆ ಸತ್ತಂತೆಯೂ ಒಮ್ಮೆ ಹುಟ್ಟಿದಂತೆಯೂ ಕಾಣುವನು. ಬ್ರಿಟನ್ನಿನ ಪದ್ಧತಿಯಲ್ಲಿ ಎಂಟು ಅಕ್ಷರಗಳ ಸಂಖ್ಯೆಯು ಬಹುಮಟ್ಟಿಗೆ ರೂಢವಾದುದು. ಸ್ಕಾಟ್ಲೆಂಡಿಗೆ 'ಎಸ್‌ಸಿ', ಉತ್ತರ ಐರ್ಲೆಂಡಿಗೆ 'ಎನ್‌ಐ' ಎಂಬ ಪೂರ್ವಾಕ್ಷರಗಳ ಹೊರತು ಅದು ಕಂಪೆನಿಯ ವಿಷಯವಾಗಿ ಏನನ್ನೂ ಹೇಳುವುದಿಲ್ಲ, ಆದುದರಿಂದ ಸುಳ್ಳನ್ನೂ ಹೇಳುವುದಿಲ್ಲ. ಅಲ್ಲಿಯೂ ಒಂದು ಅಪಾಯವುಂಟು. ಸಂಖ್ಯೆಯ ಮೊದಲಲ್ಲಿರುವ ಸೊನ್ನೆಗಳನ್ನು ಯಂತ್ರವು ಬೆಲೆಯಿಲ್ಲದುವೆಂದು ಬಿಟ್ಟರೆ ಗುರುತು ಕೆಡುವುದು. ಅದು ನೋಟಕ್ಕೆ ಸಂಖ್ಯೆಯಾದರೂ ವಾಸ್ತವವಾಗಿ ಹೆಸರು. ಹೆಸರಿನ ಮೊದಲಕ್ಷರವನ್ನು ಯಾರೂ ಬಿಡತಕ್ಕುದಲ್ಲ.

೪. ಅಭಾವಜ್ಞಾನವೂ ಜ್ಞಾನಾಭಾವವೂ

ಪಟ್ಟಿಯ ಕೆಲವು ಮನೆಗಳು ಬರಿದಾಗಿರುವುವು. ಇವನ್ನು ಪ್ರಶ್ನಭಾಷೆಯಲ್ಲಿ 'ನಲ್' ಎನ್ನುವರು. ಇದು ಸೊನ್ನೆಯಲ್ಲ, 'ಇಲ್ಲ' ಎಂಬ ಉತ್ತರವೂ ಅಲ್ಲ. 'ತಿಳಿಯದು' ಎಂಬುದೇ ಇದರ ತಾತ್ಪರ್ಯ. 'ಘಟವಿಲ್ಲ' ಎಂಬ ಅರಿವು ಅಭಾವಜ್ಞಾನ. ಘಟದ ವಿಷಯವಾಗಿ ಅರಿವೇ ಇಲ್ಲದಿರುವುದು ಜ್ಞಾನಾಭಾವ. ತಾರ್ಕಿಕರು ಇವೆರಡನ್ನೂ ಬೆರೆಸುವುದಿಲ್ಲ. ಪ್ರಶ್ನಭಾಷೆಯೂ ಬೆರೆಸುವುದಿಲ್ಲ, ಅದರಲ್ಲಿ ಸತ್ಯ, ಅಸತ್ಯ, ಅಜ್ಞಾತ ಎಂದು ಮೂರು ಬೆಲೆಗಳುಂಟು. ಬೆರೆಸುವವನು ಪ್ರಶ್ನೆಗಾರನು.

ಉದಾಹರಣೆಗೆ, ಸ್ಥಿತಿಯು 'ಸಕ್ರಿಯ' ಎಂದಿರುವ ಕಂಪೆನಿಗಳನ್ನು ಒಮ್ಮೆ, 'ಸಕ್ರಿಯ'ವಲ್ಲದವುಗಳನ್ನು ಇನ್ನೊಮ್ಮೆ ಎಣಿಸಿ ಕೂಡಿಸಿದರೆ ಒಟ್ಟು ಸಂಖ್ಯೆಯು ಬರಬೇಕೆಂದು ಲೌಕಿಕನು ಎಣಿಸುವನು. ಸ್ಥಿತಿಯ ಮನೆಯು ಬರಿದಾಗಿರುವ ಸಾಲುಗಳು ಎರಡು ಗುಂಪಿಗೂ ಸೇರದೆ ಹೊರಗುಳಿಯುವುದರಿಂದ ಹಾಗೆ ಬರುವುದಿಲ್ಲ. ಇದಕ್ಕಿಂತ ಅಪಾಯಕರವಾದುದು 'ನಾಟ್ ಇನ್' ಎಂಬ ಪ್ರಯೋಗ. ಒಂದು ಪಟ್ಟಿಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಕಂಪೆನಿಗಳನ್ನು ಕೇಳಿದಾಗ, ಆ ಎರಡನೆಯ ಪಟ್ಟಿಯಲ್ಲಿ ಒಂದೇ ಒಂದು ಮನೆಯು ಬರಿದಾಗಿದ್ದರೂ ಒಂದು ಸಾಲೂ ಉತ್ತರವಾಗಿ ಬರುವುದಿಲ್ಲ. ಆ ಬರಿದಾದ ಮನೆಯಲ್ಲಿ ಯಾವ ಹೆಸರಿದೆಯೋ ತಿಳಿಯದು, ಆದುದರಿಂದ ಯಾವ ಕಂಪೆನಿಯನ್ನೂ 'ಅಲ್ಲಿಲ್ಲ' ಎಂದು ನಿಶ್ಚಯಿಸಲಾಗದು ಎಂಬುದು ಭಾಷೆಯ ನ್ಯಾಯ. ನ್ಯಾಯವು ಸರಿಯಾಗಿದೆ, ಆ ಶೂನ್ಯವಾದ ಉತ್ತರವನ್ನು 'ಅಂತಹ ಕಂಪೆನಿಯೊಂದೂ ಇಲ್ಲ' ಎಂದು ಪ್ರಕಟಿಸುವುದು ಅನ್ಯಾಯ. ಕೊನೆಯ ವಾರ್ಷಿಕ ವಿವರಣೆಯ ಅಂಕಣವು ಬರಿದಾಗಿದ್ದರೆ ಕಂಪೆನಿಯು ಹೊಸದಾಗಿರಬಹುದು, ವಿವರಣೆಯನ್ನು ಒಪ್ಪಿಸದಿರಬಹುದು, ಅಥವಾ ಒಪ್ಪಿಸಿದುದು ಪಟ್ಟಿಗೆ ಏರದಿರಬಹುದು. ಮೂರನ್ನೂ 'ತಪ್ಪಿತಸ್ಥರು' ಎಂಬ ಒಂದೇ ಶಬ್ದದಲ್ಲಿ ಅಡಗಿಸಿದರೆ ನಿರಪರಾಧಿಯ ಹೆಸರು ಕೆಡುವುದು.

೫. ಪಾಠಾಂತರಗಳು

ವಿಳಾಸದ ಅಂಕಣವು ಕನ್ನಡ ವಿದ್ವಾಂಸರ ಗಮನಕ್ಕೆ ವಿಶೇಷವಾಗಿ ಪಾತ್ರವಾಗಿದೆ. ಪಟ್ಟಿಯು ರೋಮನ್ ಲಿಪಿಯಲ್ಲಿರುವುದರಿಂದ ಹ್ರಸ್ವದೀರ್ಘಗಳ ಭೇದವೂ ಲಕಾರ ಳಕಾರಗಳ ಭೇದವೂ ಅಳಿಸಿಹೋಗಿವೆ. ಅದರ ಮೇಲೆ ೨೦೧೪ರ ನವೆಂಬರ್ ಒಂದರಂದು ಕರ್ನಾಟಕದ ಹನ್ನೆರಡು ನಗರಗಳ ಹೆಸರುಗಳು ಬದಲಾದುವು. ಬೆಂಗಳೂರಿಗೆ ಹಳೆಯ ರೂಪವೂ ಹೊಸ ರೂಪವೂ ಪಟ್ಟಿಯಲ್ಲಿ ಬೆರೆತಿರುವಾಗ, ಊರುಗಳಂತೆ ಗುಂಪುಮಾಡಿದ ಪ್ರಶ್ನೆಯು ಒಂದೇ ಊರನ್ನು ಎರಡು ಊರುಗಳನ್ನಾಗಿ ಎಣಿಸುವುದು. ಬಿಜಾಪುರವು ವಿಜಯಪುರವಾದುದರಿಂದ ಇನ್ನೊಂದು ತೊಡಕುಂಟು. ದೇವನಹಳ್ಳಿ ತಾಲ್ಲೂಕಿನಲ್ಲಿಯೂ ವಿಜಯಪುರವೆಂಬ ಊರಿದೆ. ವಿಳಾಸದಲ್ಲಿ 'ಮೈಸೂರು' ಎಂಬ ಶಬ್ದವಿರುವ ಕಂಪೆನಿಗಳನ್ನೆಲ್ಲ 'ಲೈಕ್' ಎಂಬ ಪ್ರಯೋಗದಿಂದ ಆಯ್ದರೆ ಬೆಂಗಳೂರಿನ ಮೈಸೂರು ರಸ್ತೆಯ ಕಂಪೆನಿಗಳೂ ಬರುವುವು. ಬಳ್ಳಾರಿ ರಸ್ತೆ, ತುಮಕೂರು ರಸ್ತೆಗಳದೂ ಇದೇ ಗತಿ. ಶಾಸನಗಳಲ್ಲಿಯ ಸ್ಥಳನಾಮಗಳನ್ನು ನಿರ್ಣಯಿಸುವವರು ಒಂದು ಹೆಸರಿಗೆ ಹಲವು ಊರು, ಒಂದು ಊರಿಗೆ ಹಲವು ಹೆಸರು ಎಂಬ ತೊಡಕನ್ನು ಬಲ್ಲರು. ಅವರ ಅನುಭವವು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುವುದು.

ಇದು ಈ ದೇಶದ ಪಟ್ಟಿಗೆ ಮಾತ್ರ ಸೇರಿದ ದೋಷವಲ್ಲ. ಬ್ರಿಟನ್ನಿನಲ್ಲಿ ಕಂಪೆನಿಗಳ ಮೇಲೆ ನಿಜವಾದ ಹಿಡಿತವುಳ್ಳವರ ಹೆಸರುಗಳನ್ನು ೨೦೧೬ರ ಏಪ್ರಿಲಿನಿಂದ ಘೋಷಿಸಬೇಕಾಯಿತು. ಅದೇ ವರ್ಷ ಗ್ಲೋಬಲ್ ವಿಟ್ನೆಸ್ ಎಂಬ ಸಂಸ್ಥೆಯು ಇತರರೊಡನೆ ಆ ಪಟ್ಟಿಯನ್ನು ಪರಿಶೀಲಿಸಿದಾಗ, 'ಬ್ರಿಟಿಷ್' ಎಂಬ ಒಂದೇ ರಾಷ್ಟ್ರೀಯತೆಯು ೫೦೦ಕ್ಕೂ ಹೆಚ್ಚು ಬಗೆಗಳಲ್ಲಿ ಬರೆಯಲ್ಪಟ್ಟಿದ್ದುದು ಕಂಡುಬಂದಿತು. ತುಂಬುವವನಿಗೆ ಅಕ್ಷರಸ್ವಾತಂತ್ರ್ಯವಿದ್ದಲ್ಲಿ ಲಿಪಿಕಾರದೋಷವು ಇದ್ದೇ ಇರುವುದು.

೬. ಪ್ರಾಮಾಣ್ಯವಿಚಾರ

ಇನ್ನು ಮೂಲಪ್ರಶ್ನೆ. ಪಾಠವು ಶುದ್ಧವಾಗಿದೆ, ಪ್ರಶ್ನೆಯು ಶುದ್ಧವಾಗಿದೆ ಎಂದು ಒಪ್ಪಿದರೂ, ಪಟ್ಟಿಯ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕು? ಜ್ಞಾನವು ಸ್ವತಃ ಪ್ರಮಾಣ, ಬಾಧಕವು ಕಂಡರೆ ಮಾತ್ರ ಬಿಡಬೇಕು ಎಂಬುದು ಮೀಮಾಂಸಕರ ಮತ. ಪ್ರಾಮಾಣ್ಯವನ್ನು ಬೇರೆ ಸಾಧನದಿಂದ ನಿಶ್ಚಯಿಸಬೇಕು ಎಂಬುದು ನೈಯಾಯಿಕರ ಮತ. ನೋಂದಣಿಪಟ್ಟಿಯ ವಿಷಯದಲ್ಲಿ ನೈಯಾಯಿಕರನ್ನು ಅನುಸರಿಸುವುದು ಯುಕ್ತ. ಪಟ್ಟಿಯಲ್ಲಿರುವುದು ಕಂಪೆನಿಯು ತನ್ನ ವಿಷಯದಲ್ಲಿ ತಾನೇ ಹೇಳಿಕೊಂಡ ಮಾತು. ಅಧಿಕಾರಿಯು ಅದನ್ನು ಸ್ವೀಕರಿಸಿ ಇಟ್ಟವನು. ಬ್ರಿಟನ್ನಿನಲ್ಲಿ ೧೮೪೪ರಲ್ಲಿಯೇ ನೋಂದಣಾಧಿಕಾರಿಯ ಪದವಿಯು ಏರ್ಪಟ್ಟಿದ್ದರೂ, ಒಪ್ಪಿಸಿದ ವಿವರಗಳನ್ನು ಪ್ರಶ್ನಿಸಿ ತಿರಸ್ಕರಿಸುವ ವಿಸ್ತಾರವಾದ ಅಧಿಕಾರವು ೨೦೨೩ರ ಶಾಸನದಿಂದ ದೊರೆತು, ೨೦೨೪ರ ಮಾರ್ಚಿಯಲ್ಲಿ ಜಾರಿಗೆ ಬಂದಿತು. ಅಷ್ಟು ದೀರ್ಘಕಾಲ ವಕ್ತೃವಿನ ಆಪ್ತತ್ವವನ್ನು ಪರೀಕ್ಷಿಸದೆಯೇ ವಾಕ್ಯಗಳು ಸಂಗ್ರಹವಾದುವು. ಭಾರತದಲ್ಲಿ ೨೦೧೭ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪೆನಿಗಳ ಹೆಸರುಗಳನ್ನು ನೋಂದಣಿಯಿಂದ ತೆಗೆದುಹಾಕಲಾಯಿತು. ಅವುಗಳಲ್ಲಿ ಬಹುವಾಗಿ ವರ್ಷಗಟ್ಟಲೆ ವಿವರಣೆಗಳನ್ನು ಒಪ್ಪಿಸದಿದ್ದವು. ೨೦೧೬ರ ಪಟ್ಟಿಯನ್ನು ಪ್ರಶ್ನಿಸಿದವನಿಗೆ ಅವೂ ಕಂಪೆನಿಗಳಾಗಿಯೇ ಕಂಡಿರಬೇಕು. ೨೦೧೭ರಲ್ಲಿ ಸಂಖ್ಯೆಯು ಕುಸಿದುದನ್ನು ನೋಡಿ ಆ ಒಂದೇ ವರ್ಷದಲ್ಲಿ ವ್ಯಾಪಾರವು ನಾಶವಾಯಿತೆನ್ನುವುದೂ ಸಲ್ಲದು; ಮರಣವು ಮೊದಲೇ ಆಗಿತ್ತು, ಬರೆದುಕೊಂಡುದು ಆಗ.

ಇಷ್ಟು ದೋಷಗಳಿದ್ದರೆ ಈ ಪಟ್ಟಿಯನ್ನು ಬಿಟ್ಟುಬಿಡುವುದೇ ಮೇಲಲ್ಲವೇ ಎಂದು ಪೂರ್ವಪಕ್ಷಿಯು ಕೇಳಬಹುದು. ಹಾಗಲ್ಲ. ಲಿಪಿಕಾರದೋಷವುಂಟೆಂದು ಓಲೆಗಳನ್ನು ಹೊಳೆಗೆ ಹಾಕಿದವರಿಲ್ಲ. ದೋಷಗಳು ಗೊತ್ತಾದುದೂ ಪ್ರಶ್ನೆ ಕೇಳಿದುದರಿಂದಲೇ. ೫೦೦ ಬಗೆಯ 'ಬ್ರಿಟಿಷ್' ಬೆಳಕಿಗೆ ಬಂದುದು ಪಟ್ಟಿಯು ತೆರೆದಿದ್ದುದರಿಂದ. ಕಡತವು ಬೀಗದೊಳಗಿದ್ದರೆ ಅದು ನಿರ್ದುಷ್ಟವೆಂದೇ ಖ್ಯಾತಿಯನ್ನು ಪಡೆಯುತ್ತಿತ್ತು. ಯಾರು ಯಾವ ಉದ್ಯಮವನ್ನು ಎಂದು ಆರಂಭಿಸಿದರು, ಎಲ್ಲಿಂದ ಎಲ್ಲಿಗೆ ಹೋದರು ಎಂಬ ಚರಿತ್ರೆಗೆ ಇದಕ್ಕಿಂತ ವ್ಯಾಪಕವಾದ ಆಕರವು ದೊರೆಯುವುದು ಕಷ್ಟ.

ಆದುದರಿಂದ ಇಂತಹ ಸಂಖ್ಯೆಯನ್ನು ಪ್ರಕಟಿಸುವವರಿಂದ ನಾಲ್ಕು ಅಂಶಗಳನ್ನು ನಿರೀಕ್ಷಿಸುವುದು ವಿದ್ವತ್ಪರಂಪರೆಗೆ ಸಲ್ಲುವುದು. ಪಟ್ಟಿಯನ್ನು ತೆಗೆದ ದಿನಾಂಕವನ್ನು ಹೇಳಬೇಕು. ಅದು ಪ್ರತಿಯ ಕಾಲವನ್ನು ಹೇಳಿದಂತೆ. ಪ್ರಶ್ನೆಯ ವಾಕ್ಯವನ್ನು ಇದ್ದಕ್ಕಿದ್ದಂತೆ ಅಚ್ಚುಮಾಡಬೇಕು. ಸೂತ್ರವನ್ನು ಮುಚ್ಚಿಟ್ಟು ವೃತ್ತಿಯನ್ನು ಮಾತ್ರ ಕೊಡುವುದು ಪದ್ಧತಿಯಲ್ಲ. ಬರಿದಾದ ಮನೆಗಳೆಷ್ಟು, ಲೆಕ್ಕದಿಂದ ಹೊರಗುಳಿದ ಸಾಲುಗಳೆಷ್ಟು ಎಂಬುದನ್ನು ತಿಳಿಸಬೇಕು. ಅದು ಲುಪ್ತವಾದ ಗರಿಗಳನ್ನು ಸೂಚಿಸಿದಂತೆ. ಕಡೆಯದಾಗಿ, ಉತ್ತರದಲ್ಲಿ ಬಂದ ಕೆಲವು ಸಾಲುಗಳನ್ನಾದರೂ ಆರಿಸಿ, ಕಂಪೆನಿಯು ಒಪ್ಪಿಸಿದ ಮೂಲಪತ್ರಗಳೊಡನೆ ಹೋಲಿಸಿ ನೋಡಿರಬೇಕು. ಈ ನಾಲ್ಕೂ ಇಲ್ಲದ ಸಂಖ್ಯೆಯನ್ನು ಯಾವ ಗೌರವಾನ್ವಿತ ಲೇಖನದಲ್ಲಿ ಕಂಡರೂ, ಆಕರವನ್ನು ಹೇಳದ ಉದ್ಧರಣಕ್ಕೆ ಕೊಡುವಷ್ಟೇ ಬೆಲೆಯನ್ನು ಅದಕ್ಕೆ ಕೊಡತಕ್ಕುದು. ಪಾಠವಿಮರ್ಶೆಯನ್ನು ಬೋಧಿಸುವ ಉಪಾಧ್ಯಾಯರು ಓಲೆಯ ಪ್ರತಿಗಳ ಜೊತೆಗೆ ಇಂತಹದೊಂದು ಪಟ್ಟಿಯನ್ನೂ ವಿದ್ಯಾರ್ಥಿಗಳ ಮುಂದಿಟ್ಟು, ಒಂದೇ ಪ್ರಶ್ನೆಯನ್ನು ಎರಡು ಬಗೆಯಾಗಿ ಬರೆಯಿಸಿ, ಉತ್ತರಗಳು ಏಕೆ ಬೇರೆಯಾದುವೆಂಬುದನ್ನು ವಿಚಾರಿಸಿಸಿದರೆ, ಹಳೆಯ ಶಾಸ್ತ್ರವು ಹೊಸ ದಾಖಲೆಗೂ ಸಲ್ಲುವುದೆಂಬುದು ಅವರ ಅನುಭವಕ್ಕೆ ಬರುವುದು.